ಗಾಣದ ಎದುರು ಇಸ್ತ್ರಿ

ನೊಣ ಬಂದು ಕೂತದ್ದು ಸರಿಯಾಗಿ ಹೆಬ್ಬೆರಳಿನ ಉಗುರಿನ ಮೇಲೆ, ಆ ಹೆಬ್ಬೆರಳು ಇರುವುದು ರಿಮೋಟಿನ ಕೋಲಿನ ಮೇಲೆ, ಈಗ ಕೊಡವಿದರೆ ಅಖಾಡದೊಳಗಿರುವ ಇಸ್ತ್ರಿ ಗಂಟೆ ಬಾರಿಸುವ ಮೊದಲೇ ಜಿಗಿದುಬಿಡುತ್ತದೆ, ಜಿಗಿದರೆ ತಪ್ಪು, ಆದ್ದರಿಂದ ಕೂತುಕೋ ಪುಣ್ಯಾತ್ಮ, ಇವತ್ತು ನಿನ್ನದೇ ದರ್ಬಾರು ಎಂದುಕೊಂಡಳು ಫರ್ಹಾನಾ, ನೊಣ ಆರಾಮಾಗಿ ಮುಂಗಾಲು ಉಜ್ಜಿಕೊಳ್ಳುತ್ತಿದೆ, ಅದಕ್ಕೇನು, ಇಲ್ಲಿ ಯಾರು ಸೋತರೂ ಯಾರು ಗೆದ್ದರೂ ಅದು ಹೋಗುವುದು ಶಾಮಿಯಾನದ ಹೊರಗಿನ ಗಿರಮಿಟ್ಟಿನ ಗಾಡಿಗೇ, ಮಿರ್ಚಿ ಕರಿಯುವ ವಾಸನೆ ಇಲ್ಲಿಯತನಕ ಬರುತ್ತಿದೆ, ಗದುಗಿನ ಜನ ಯಾವ ಕಾಳಗವನ್ನೂ ಖಾಲಿ ಹೊಟ್ಟೆಯಲ್ಲಿ ನೋಡುವವರಲ್ಲ — ಕಾಲೇಜಿನ ಮೈದಾನದ ನಡುವೆ ಕಬ್ಬಿಣದ ಚೌಕಟ್ಟು, ಸುತ್ತಲೂ ಗಾಜಿನ ಹಾಗೆ ಕಾಣುವ ದಪ್ಪ ಪ್ಲಾಸ್ಟಿಕ್ಕಿನ ಗೋಡೆ, ಒಳಗೆ ಮನುಷ್ಯರಿಗೆ ಪ್ರವೇಶವಿಲ್ಲ, ಮನೆಯಲ್ಲಿ ಕೂತು ಕಟ್ಟಿದ ರೋಬೋಟುಗಳಿಗೆ ಮಾತ್ರ, ಅವು ಒಂದನ್ನೊಂದು ಕಡಿಯಬೇಕು, ಎತ್ತಬೇಕು, ಕೆಡವಬೇಕು, ಯಾವುದು ಅಲ್ಲಾಡದೆ ಬಿದ್ದುಕೊಂಡಿತೋ ಅದು ಸೋತಿತು, ಅಷ್ಟೇ ಕಾನೂನು, ಒಂದು ಮೂಲೆಯಲ್ಲಿ ಅವಳ ಇಸ್ತ್ರಿ, ಮೂತಿ ಚೂಪಾಗಿ ನೆಲಕ್ಕೆ ಹತ್ತಿಕೊಂಡು, ಮೈ ಅಗಲವಾಗಿ, ಥೇಟ್ ಇಸ್ತ್ರಿ ಪೆಟ್ಟಿಗೆಯೇ, ಆ ಹೆಸರಿಟ್ಟವನು ಪಕ್ಕದಲ್ಲಿ ನಿಂತಿರುವ ಗಂಡ ಜಾವೀದ, ಅವನ ಕೈಯಲ್ಲಿ ಇನ್ನೊಂದು ರಿಮೋಟು, ಓಡಿಸುವವಳು ಇವಳು, ಮೂತಿಯ ಮೇಲಿನ ಉಕ್ಕಿನ ತೋಳನ್ನು ಎತ್ತಿ ಎದುರಾಳಿಯನ್ನು ಕೆಡವುವವನು ಅವನು, ಸಂಸಾರದಲ್ಲಿ ಇಷ್ಟು ಒಪ್ಪಂದ ಬೇರೆ ಯಾವುದರಲ್ಲೂ ಆಗಿಲ್ಲ, ಇದು ಕೊನೆಯ ಪಂದ್ಯ, ಎದುರು ಮೂಲೆಯಲ್ಲಿ ಹುಬ್ಬಳ್ಳಿಯ ಹುಡುಗಿ ಪ್ರಿಯಾಂಕಾಳ ಗಾಣ, ಮುಂದುಗಡೆ ಹಲ್ಲಿರುವ ಒಂದು ಉಕ್ಕಿನ ಚಕ್ರ, ಅದು ಓಟಕ್ಕೆ ಬಿದ್ದರೆ ಮುಟ್ಟಿದ್ದನ್ನೆಲ್ಲ ಹರಿದು ಹಾಕುತ್ತದೆ, ಬೆಳಿಗ್ಗೆಯಿಂದ ಎರಡು ರೋಬೋಟುಗಳನ್ನು ಗುಜರಿಗೆ ಕಳಿಸಿದೆ, ಹುಡುಗಿ ಮಾತ್ರ ಬಹಳ ವಿನಯದವಳು, ಬಂದು ನಮಸ್ಕಾರ ಮಾಡಿ, ಮೇಡಂ, ನಿಮ್ಮ ಇಸ್ತ್ರಿ ಭಾಳ ಚಂದ ಐತ್ರಿ ಎಂದು ಹೋದಳು, ಕಡಿಯುವ ಮುಂಚೆ ಕುರಿಯ ಬೆನ್ನು ಸವರಿದ ಹಾಗೆ. ಹಗ್ಗದ ಆಚೆ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಅಬ್ಬಾ ಕೂತಿದ್ದಾರೆ.

ಅಬ್ಬಾ ಬಂದದ್ದು ಇದೇ ಮೊದಲು, ಬಿಳಿ ಅಂಗಿ, ತಲೆಗೆ ರುಮಾಲು, ಶಿರಹಟ್ಟಿಯ ಕರೀಮಸಾಬ ಎಂದರೆ ಒಂದು ಕಾಲಕ್ಕೆ ಟಗರಿನ ಕಾಳಗದಲ್ಲಿ ಮೊದಲು ಬರುತ್ತಿದ್ದ ಹೆಸರು, ಕುರ್ಚಿಯಲ್ಲಿ ಕೂತಕೂಡಲೇ ಅವರು ಕೇಳಿದ್ದು, ಇದು ಎಷ್ಟ ಹಲ್ಲಿಂದಪಾ ಎಂದು, ಟಗರುಗಳನ್ನು ಹಲ್ಲು ನೋಡಿ ಜೋಡಿ ಬಿಡುತ್ತಾರಲ್ಲ, ಹಾಲುಹಲ್ಲಿನದಕ್ಕೆ ಹಾಲುಹಲ್ಲಿನದು, ನಾಲ್ಕು ಹಲ್ಲಿನದಕ್ಕೆ ನಾಲ್ಕು ಹಲ್ಲಿನದು, ಇಲ್ಲಿ ತೂಕ ನೋಡತಾರ್ರಿ ಮಾಮಾ, ಹದಿನೈದ ಕಿಲೋದ್ದು, ಅಂದ್ರ ಎರಡ ಹಲ್ಲಿಂದು ಅಂತ ತಿಳೀರಿ ಎಂದ ಜಾವೀದ, ಅಬ್ಬಾ ಗಂಭೀರವಾಗಿ ತಲೆಯಾಡಿಸಿದರು, ಎರಡು ಹಲ್ಲು ಒಳ್ಳೆಯ ವಯಸ್ಸು ಎನ್ನುವ ಹಾಗೆ — ಹಾಳಾದ್ದು, ನಗು ಬರಬೇಕಿತ್ತು, ಬರಲಿಲ್ಲ, ಯಾಕೆಂದರೆ ಇವತ್ತು ಇಸ್ತ್ರಿ ಸೋತರೆ ಅದಕ್ಕೆ ಮನೆಯಿಲ್ಲ, ಲಕ್ಷ್ಮೇಶ್ವರದ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಒಮ್ಮೆ, ಒಂದೇ ಒಮ್ಮೆ, ಕಬ್ಬಿಣ ಕೊರೆಯುವ ಮಷೀನು ಹಚ್ಚಿದ್ದಕ್ಕೆ ಕೆಳಗಿನ ಮನೆಯ ಗದಿಗೆವ್ವ ಮೆಟ್ಟಿಲು ಹತ್ತಿ ಬಂದು, ಏನ್ರಿ ಟೀಚರ, ಕಬ್ಬಿಣದ ರೊಟ್ಟಿ ಬಡ್ಯಾಕತ್ತೀರೇನು ಎಂದು ಕೇಳಿದ್ದಳು, ಮಾಲೀಕರಿಗೂ ಖಬರು ಮುಟ್ಟಿಸಿದ್ದಳು, ಅಂದಿನಿಂದ ಇಸ್ತ್ರಿಯ ಸಂಸಾರವೆಲ್ಲ ಶಿರಹಟ್ಟಿಗೆ, ಅಬ್ಬಾನ ಮನೆಯ ಹಿತ್ತಲಿನ ಟಗರಿನ ಕೊಟ್ಟಿಗೆಗೆ, ಟಗರುಗಳು ಹೋಗಿ ಎಷ್ಟೋ ವರ್ಷವಾದರೂ ಗೋಡೆಗೆ ಉಣ್ಣೆಯ ಜಿಡ್ಡಿನ ವಾಸನೆ ಇದ್ದೇ ಇದೆ, ಶಿಗ್ಲಿಯ ಶಾಲೆಯಲ್ಲಿ ವಾರವಿಡೀ ವಿಜ್ಞಾನ ಕಲಿಸಿ, ಗಂಟಲು ಹರಿದುಕೊಂಡು, ರವಿವಾರ ಸ್ಕೂಟರಿನಲ್ಲಿ ಜಾವೀದನ ಹಿಂದೆ ಕೂತು ಆ ಕೊಟ್ಟಿಗೆಗೆ ಹೋದರೆ ಅವಳಿಗೆ ತವರಿಗೆ ಹೋದ ಹಾಗೆ ಅನಿಸುವುದು ಮನೆಯೊಳಗಲ್ಲ, ಅಲ್ಲಿ, ಆ ಜಿಡ್ಡಿನ ಗೋಡೆಯ ನಡುವೆ, ಕಿಡಿ ಹಾರುವಾಗ. ಅದರ ಮೇಲೆ ಕೊರ್ಲಹಳ್ಳಿಯ ಫಕ್ರುಸಾಬನ ಕಣ್ಣು ಬೀಳಬೇಕೇ, ಅಬ್ಬಾನ ಹಳೆಯ ದೋಸ್ತ ಆತ, ಫೋನು ಮಾಡಿ, ಎರಡ ಹಲ್ಲಿನ ಟಗರೊಂದ ಐತಿ ಕರೀಮ, ಎದಿ ಅಂದ್ರ ಬಾಗಲಾ ಇದ್ದಂಗ, ನನ್ನ ಕಡೆ ಜೋಪಾನ ಮಾಡೂದು ಆಗವಲ್ತು, ನೀ ತಗೊಂಡ ಹೋಗು ಎಂದ, ಅಂದಿನಿಂದ ಅಬ್ಬಾ ಕೊಟ್ಟಿಗೆಯ ಹೊಸ್ತಿಲ ಮೇಲೆ ಬಂದು ಕೂಡುವುದು, ಗೂಟ ಎಲ್ಲಿ ಹುಗಿಯಬೇಕು ಎಂದು ನೆಲ ನೋಡುವುದು, ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟು ಕೇಳಿದರು, ಕೊಟ್ಟಿಗಿ ಖಾಲಿ ಮಾಡಿ ಕೊಡವಾ, ಇನ್ನೊಂದ ಟಗರ ಕಟ್ಟೂ ಆಸೆ ಐತಿ ನಂಗ, ಅಬ್ಬಾ, ಹಂಗಾದ್ರ ನನ್ನ ಇಸ್ತ್ರಿ ಎಲ್ಲಿ ಇಡ್ಲಿ ಎಂದಳು ಇವಳು, ಅಬ್ಬಾ ರೊಟ್ಟಿ ಮುರಿದು, ಗದಗಿನಾಗ ನಿಂದು ಆ ಕಬ್ಬಿಣದ ಕುಸ್ತಿ ಐತೆಲ್ಲ, ಗೆದ್ದು ಬಾ, ಕೊಟ್ಟಿಗಿ ನಿಂದು, ಟಗರಿನ ಸುದ್ದಿ ಎತ್ತಂಗಿಲ್ಲ, ಸೋತ್ಯೋ, ನಿನ್ನ ಸಾಮಾನ ತಗಿ, ಟಗರ ಬರತೈತಿ, ಆತೇನು ಎಂದರು, ಆತು ಎಂದಳು, ಸಾರು ಬಡಿಸುತ್ತಿದ್ದ ಅಮ್ಮಾ ಮೋತಿಬಿ, ಅಪ್ಪಗೂ ಬುದ್ಧಿ ಇಲ್ಲ, ಮಗಳಿಗೂ ಇಲ್ಲ, ಆ ಕೊಟ್ಟಿಗಿ ನಂಗ ಕೊಡ್ರಿ, ಕಟಗಿ ಒಟ್ಟತೀನಿ ಎಂದು ಸೌಟಿನಿಂದ ತಟ್ಟೆ ಕುಟ್ಟಿದ್ದಳು.

ಗಂಟೆ, ನೊಣ ಹಾರಿತು, ಇಸ್ತ್ರಿ ಹೊರಟಿತು, ಹೀಗೇ ಹೀಗೇ, ಸೀದಾ, ಪ್ರಿಯಾಂಕಾಳ ಗಾಣಕ್ಕೆ ಬಿಡುವು ಕೊಡಬಾರದು, ಇದೊಂದನ್ನು ಅವಳೂ ಜಾವೀದನೂ ಚಹಾ ಕುಡಿಯುವಾಗ, ರೊಟ್ಟಿ ತಿನ್ನುವಾಗ, ಮಲಗುವಾಗ ಮಾತಾಡಿ ಮಾತಾಡಿ ಗಟ್ಟಿ ಮಾಡಿಕೊಂಡಿದ್ದಾರೆ, ಚಕ್ರಕ್ಕೆ ವೇಗ ಹತ್ತಬೇಕಾದರೆ ಒಂದಿಷ್ಟು ಹೊತ್ತು ಬೇಕು, ಜಾಗ ಬೇಕು, ಆ ಹೊತ್ತು ಕೊಡದೆ ಮೈಗೆ ಮೈ ಹಚ್ಚಿ ನಿಂತುಬಿಟ್ಟರೆ ಗಾಣ ಬರೀ ಗಾಣ, ಎಣ್ಣೆಯೂ ಬರುವುದಿಲ್ಲ, ಮುಟ್ಟಿತು, ಇಸ್ತ್ರಿಯ ಚೂಪು ಮೂತಿ ಗಾಣದ ಅಡಿಗೆ ಹೋಯಿತು, ಎತ್ರಿ ಎಂದಳು, ಜಾವೀದ ಎತ್ತಿದ, ಗಾಣ ಒಂದು ಮಗ್ಗುಲಿಗೆ ವಾಲಿ, ಇನ್ನೇನು ಬೀಳಬೇಕು, ಬೀಳಲಿಲ್ಲ, ಜಾರಿ ಇಳಿಯಿತು, ಜನ ಹೋ ಎಂದರು, ಈಗ ಮತ್ತೆ ಒತ್ತಬೇಕು, ಒತ್ತು ಫರ್ಹಾನಾ ಒತ್ತು ಎನ್ನುತ್ತಿದ್ದಾನೆ ಜಾವೀದ, ಅವಳ ಹೆಬ್ಬೆರಳು ಮಾತ್ರ ಹಿಂದಕ್ಕೆ ಎಳೆಯಿತು — ಯಾಕೆ ಎಳೆಯಿತು, ಯಾರು ಎಳೆದರು, ಬೆಳಿಗ್ಗೆಯ ಎರಡು ಪಂದ್ಯಗಳಲ್ಲಿ ಒಮ್ಮೆಯೂ ಹೀಗೆ ಮಾಡಿಲ್ಲ, ಇಸ್ತ್ರಿ ಎದುರಾಳಿಯ ಕಡೆ ಮೂತಿ ಇಟ್ಟುಕೊಂಡೇ, ಒಂದು ಗೆರೆಯಲ್ಲಿ, ನೆಟ್ಟಗೆ ಹಿಂದೆ ಸರಿಯಿತು, ಗೋಡೆಯತನಕ, ಅಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಇದ್ದ ಜೀವವನ್ನೆಲ್ಲ ಒಟ್ಟುಮಾಡಿಕೊಂಡು ಓಡಿ ಬಂದು ಧಡ್ ಎಂದು ಗುದ್ದಿತು, ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು, ಅಗಾ ಅಗಾ, ಹಿಂದ ಸರದ ಬರಾಕತ್ತೈತಿ ನೋಡ್ರಿ, ಇದಕ್ಕ ಯಾರ ಕಲಿಸಿದ್ರು ಇದನ್ನ, ಅಬ್ಬಾ ಎದ್ದು ನಿಂತಿದ್ದಾರೆ, ಪಕ್ಕದವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾರೆ, ಮುಖದ ಮೇಲೆ ಎಷ್ಟೋ ವರ್ಷದಿಂದ ಕಾಣದಿದ್ದ ಬೆಳಕು, ಫರ್ಹಾನಾಳ ಎದೆ ಹಿಗ್ಗಿತು, ಹಿಗ್ಗಿತು ಅಂದರೆ ಹಿಗ್ಗಿತು, ಮೂವತ್ತು ದಾಟಿದ ಹೆಂಗಸು, ಮಕ್ಕಳಿಗೆ ಗುರುತ್ವಾಕರ್ಷಣೆ ಕಲಿಸುವವಳು, ಅಪ್ಪ ಒಮ್ಮೆ ಎದ್ದು ನಿಂತದ್ದಕ್ಕೆ ಕಾಲು ನೆಲದ ಮೇಲೆ ಇಲ್ಲ. ಮತ್ತೆ ಹಿಂದೆ ಸರಿಸಿದಳು.

ಮುಂಡರಗಿಯ ಆ ಬಯಲು, ಗದಗ ಜಿಲ್ಲೆಯಾದ ವರ್ಷ, ಊರೂರಿಗೆ ಹೊಸ ಬೋರ್ಡು ಬರೆಯುತ್ತಿದ್ದ ಕಾಲ, ಅವಳಿಗೆ ಆಗ ಏಳು ವರ್ಷ, ಹೆಣ್ಣುಮಕ್ಕಳನ್ನು ಟಗರಿನ ಕಾಳಗಕ್ಕೆ ಯಾರೂ ಒಯ್ಯುತ್ತಿರಲಿಲ್ಲ, ಅಮ್ಮಾ ತನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು, ಮನೆಯಲ್ಲಿ ಬಿಟ್ಟು ಹೋಗಲು ಯಾರಿಲ್ಲ, ಅಬ್ಬಾ ಹೆಗಲ ಮೇಲೆ ಕೂಡಿಸಿಕೊಂಡು ಹೋಗಿದ್ದರು, ಅವರ ರುಮಾಲು ಹಿಡಿದುಕೊಂಡು ಆ ಎತ್ತರದಿಂದ ಅವಳು ನೋಡಿದ್ದು ಮುತ್ತ್ಯಾನನ್ನು, ಮುತ್ತ್ಯಾ ಎಂದರೆ ಅಬ್ಬಾನ ಟಗರು, ಹುಟ್ಟಿದಾಗಲೇ ಮುದುಕನ ಮುಖವಿತ್ತಂತೆ, ಅದಕ್ಕೇ ಆ ಹೆಸರು, ಹುರುಳಿ ತಿಂದು ಮೊಟ್ಟೆ ನುಂಗಿ ಕಲ್ಲಿನಂತಾಗಿದ್ದ ಮುತ್ತ್ಯಾ ಎದುರಿನ ಟಗರಿನಿಂದ ಹಿಂದೆ ಹಿಂದೆ ಸರಿಯಿತು, ಅಬ್ಬಾ, ಓಡಿ ಹೋಗಾಕತ್ತೈತಿ ಎಂದು ಅವಳು ಅಳುವ ಹಾಗಾದಳು, ಇಲ್ಲವಾ, ಹುಚ್ಚಿ, ಮಾರಿ ನೋಡು, ಮಾರಿ ಯಾ ಕಡೆ ಐತಿ ನೋಡು ಎಂದರು ಅಬ್ಬಾ ಕೆಳಗಿನಿಂದ, ಟಗರಿನ ಮುಖದತ್ತ ಬೆರಳು ತೋರಿಸಿ, ಹಿಂದ ಸರದ್ರ ಓಡಿದಂಗಲ್ಲ, ಮಾರಿ ಹೊಳ್ಳಿಸಿದ್ರ ಮಾತ್ರ ಸೋತಂಗ, ಬೆನ್ನ ತೋರಿಸಿದ ಟಗರನ್ನ ಮನಿಗೆ ಕರಕೊಂಡ ಹೋಗಾಕ ನಾಚಿಕಿ ಬರತೈತಿ, ಇಷ್ಟನ್ನು ಅವರು ಹೇಳಿ ಮುಗಿಸುವುದರೊಳಗೆ ಮುತ್ತ್ಯಾ ಬಂದು ಗುದ್ದಿತ್ತು, ಎರಡು ತಲೆಗಳು ಕೂಡಿದ ಆ ಸದ್ದು ಅಬ್ಬಾನ ಹೆಗಲಿನಿಂದ ಅವಳ ತೊಡೆಗೆ ಹತ್ತಿ ಬಂದಿತ್ತು, ಅದೇ ಈಗ, ಧಡ್, ಅಬ್ಬಾ ಎದ್ದೇ ನಿಂತಿದ್ದಾರೆ, ಕೂಡುತ್ತಿಲ್ಲ, ಹಿಂದಿನವರು ಕುಂಡ್ರ ಯಜಮಾನ್ರ, ನಮಗೂ ಕಾಣ್ಲಿ ಎನ್ನುತ್ತಿದ್ದಾರೆ — ಏ, ಏನ ಮಾಡಾಕತ್ತಿ ನೀನು ಎಂದ ಜಾವೀದ, ದನಿಯಲ್ಲಿ ಸಿಟ್ಟಿಲ್ಲ, ಅವನಿಗೆ ಸಿಟ್ಟು ಬರುವುದೇ ಕಡಿಮೆ, ಮೊಬೈಲು ರಿಪೇರಿಯ ಅಂಗಡಿಯಲ್ಲಿ ಕೂತು ಕೂತು ಎಂಥ ಗಿರಾಕಿಗೂ ಹೂಂ ಅನ್ನುವುದು ರೂಢಿಯಾಗಿದೆ, ನೀ ಹಿಂದ ಹೋದಷ್ಟೂ ಅಕಿ ಚಕ್ರಾ ಜೋರ ಆಗಾಕತ್ತೈತಿ, ಕೇಳಸವಲ್ತೇನು ಎಂದ. ಕೇಳಿಸಿತು, ಗಾಣದ ದನಿ ಈಗ ಬೇರೆಯೇ ಆಗಿದೆ, ಮೊದಲು ಗರಗರ ಅನ್ನುತ್ತಿದ್ದದ್ದು ಈಗ ಶಿಳ್ಳೆ ಹಾಕುತ್ತಿದೆ, ಅವಳು ಸರಿದು ಸರಿದು ಬಿಟ್ಟುಕೊಟ್ಟ ಜಾಗದಲ್ಲಿ, ಅವಳು ಗೋಡೆಗೆ ನಿಂತು ದಮ್ಮು ಹಿಡಿದ ಆ ಒಂದೊಂದು ಗಳಿಗೆಯಲ್ಲಿ, ಚಕ್ರಕ್ಕೆ ಬೇಕಾದ ಓಟವನ್ನೆಲ್ಲ ಅವಳೇ ಉಣಿಸಿದ್ದಾಳೆ, ಟಗರಿಗೆ ಹುರುಳಿ ಹಾಕಿದ ಹಾಗೆ, ಬೇರೆಯವರ ಟಗರಿಗೆ.

ಮುಂದಿನ ಗುದ್ದಿಗೆ ಇಸ್ತ್ರಿಯ ಮೂತಿ ಹರಿಯಿತು, ಚರ್ರ್ ಎಂದು ಕಿಡಿಗಳು ಎದ್ದು ಪ್ಲಾಸ್ಟಿಕ್ಕಿನ ಗೋಡೆಗೆ ಬಡಿದು ಆರಿದವು, ಚೂಪು ತುದಿ ಮೇಲಕ್ಕೆ ಮಡಚಿಕೊಂಡಿತು, ಎತ್ರಿ ಎಂದಳು, ಜಾವೀದ ಗುಂಡಿ ಒತ್ತಿದ, ತೋಳು ಅರ್ಧಕ್ಕೆ ಬಂದು ನಿಂತಿತು, ಸೊಟ್ಟಾಗಿದೆ, ಅದು ಇನ್ನು ಏಳುವುದಿಲ್ಲ, ಏಳದ ತೋಳಿನ ಇಸ್ತ್ರಿ ಬರೀ ಒಂದು ಡಬ್ಬಿ, ಅಡ್ಡಿಯಿಲ್ಲ, ಇದೂ ಅವರು ಮಾತಾಡಿಕೊಂಡದ್ದೇ, ಹೀಗಾದರೆ ಹೀಗೆ ಮಾಡುವುದು, ಜಾವೀದ ಈಗ ಕಿವಿಯ ಹತ್ತಿರವೇ ಬಂದ, ಹೊಳ್ಳಸು, ಹಿಂದಿಂದ ಕೊಡು ಅಕಿಗೆ, ಪ್ಲೇಟ ಕೊಡು, ಪ್ಲೇಟಿಗೆ ಬಡದ್ರ ಅಕಿ ಚಕ್ರಾನ ಮುರೀತೈತಿ ಎಂದ, ಪ್ಲೇಟು, ಹೌದು, ಇಸ್ತ್ರಿಯ ಹಿಂಭಾಗಕ್ಕೆ ಬೆರಳು ದಪ್ಪದ ಉಕ್ಕಿನ ಪ್ಲೇಟಿದೆ, ಯಾವುದೋ ಲಾರಿಯ ಚಾಸಿಯಿಂದ ಕತ್ತರಿಸಿ ತಂದದ್ದು, ಮುಂದಿನ ತೋಳು ಭಾರ ಎತ್ತಿದಾಗ ಇಡೀ ಇಸ್ತ್ರಿ ಮುಗ್ಗರಿಸಬಾರದು ಎಂದು ಹಿಂದೆ ಭಾರಕ್ಕೆ ಹಾಕಿದ್ದು, ತಕ್ಕಡಿಯ ಲೆಕ್ಕ, ಎಂಟನೇ ಇಯತ್ತೆಯ ಪಾಠ, ಅದನ್ನು ಬೆಸುಗೆ ಹಾಕುವ ದಿನ ಜಾವೀದ ಬಂದಿರಲಿಲ್ಲ, ಅಬ್ಬಾನೇ ಇಕ್ಕಳ ಹಿಡಿದು ಕೂತಿದ್ದರು, ಕಣ್ಣಿಗೆ ಅವಳ ಕಪ್ಪು ಕನ್ನಡಕ, ಗಡ್ಡದ ಮೇಲೆ ಕಿಡಿಯ ಬೆಳಕು, ಇದೇನವಾ, ಎಲ್ಲಾ ಬಿಟ್ಟು ಹಿಂದ ಇಷ್ಟ ದಪ್ಪ ಹಾಕಾಕತ್ತಿ ಎಂದು ಕೇಳಿದರು, ಭಾರಕ್ಕ ಅಬ್ಬಾ ಎಂದಳು, ಸಂಜೆ ಚಹಾ ಕುಡಿದು ಬಂದು ನೋಡಿದರೆ ಅದಕ್ಕೆ ಬಣ್ಣ ಬಳಿದಿದ್ದಾರೆ, ಮನೆಯ ಗೇಟಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ, ಬ್ರಷ್ಷಿನ ಗೆರೆಗೆರೆ ಕಾಣುವ ಹಾಗೆ, ತುಕ್ಕ ಹಿಡೀಬಾರದಲಾ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಕೈ ಒರೆಸಿಕೊಂಡು ಹೋದರು. ಕೊಟ್ಟಿಗೆ ಖಾಲಿ ಮಾಡು ಎಂದವರೂ ಅವರೇ.

ಹೊಳ್ಳಸು ಎಂದ ಜಾವೀದ ಮತ್ತೆ, ಹೊಳ್ಳಿಸಬೇಕು, ಹೆಬ್ಬೆರಳನ್ನು ಎಡಕ್ಕೆ ಇಷ್ಟು ಸರಿಸಿದರೆ ಸಾಕು, ಇಸ್ತ್ರಿ ಗರ್ ಎಂದು ತಿರುಗಿ ಆ ಕೆಂಪು ಪ್ಲೇಟನ್ನು ಗಾಣದ ಎದುರಿಗೆ ಹಿಡಿಯುತ್ತದೆ, ಪ್ರಿಯಾಂಕಾಳ ಚಕ್ರ ಅದಕ್ಕೆ ಬಡಿದರೆ ಹಲ್ಲು ಹಾರುತ್ತದೆ, ಚಕ್ರ ತಿರುಗಿಸುವ ಪಟ್ಟಿ ಹರಿಯುತ್ತದೆ, ಹುಡುಗಿಗೂ ಗೊತ್ತು, ಅದಕ್ಕೇ ಅವಳು ಸುತ್ತು ಹಾಕಿ ಹಾಕಿ ಮೂತಿಯ ಕಡೆಗೇ ಬರುತ್ತಿದ್ದಾಳೆ, ಹೊಳ್ಳಿಸಿದರೆ ಗೆಲುವು, ಗೆದ್ದರೆ ಕೊಟ್ಟಿಗೆ, ಆ ಜಿಡ್ಡಿನ ಗೋಡೆ, ಆ ರವಿವಾರಗಳು, ಅದಿಲ್ಲದೆ ಹೋದರೆ ಏನಿದೆ ಅವಳಿಗೆ, ಶಾಲೆ, ಅಡಿಗೆ, ಗದಿಗೆವ್ವನ ಕಿವಿ, ಸುಮ್ಮನೆ ಕೂತ ಕೈಗಳು — ಆದರೆ ಅಬ್ಬಾ ನಿಂತಿದ್ದಾರೆ, ಅವರು ಎದ್ದು ನಿಂತದ್ದು ಇಸ್ತ್ರಿ ಹಿಂದೆ ಸರಿದು ಬಂದದ್ದಕ್ಕೆ, ಕಬ್ಬಿಣದೊಳಗೆ ಅವರಿಗೆ ಮುತ್ತ್ಯಾ ಕಂಡದ್ದಕ್ಕೆ, ಅವಳು ಇಷ್ಟು ವರ್ಷ ಕಟ್ಟಿದ ಯಾವುದನ್ನೂ ಅವರು ಕಾಳಗ ಎಂದವರಲ್ಲ, ಆಟಗಿ ಸಾಮಾನು ಎನ್ನುತ್ತಿದ್ದರು, ಈಗ ಪಕ್ಕದವನಿಗೆ, ನನ್ನ ಮಗಳದು ಅದು, ನನ್ನ ಮಗಳದು ಎಂದು ಹೇಳಿದ್ದನ್ನು ಅವಳು ಈ ಕಿವಿಯಿಂದಲೇ ಕೇಳಿದ್ದಾಳೆ, ಈಗ ಅವರ ಕಣ್ಣೆದುರಿಗೇ ಇಸ್ತ್ರಿ ಬೆನ್ನು ತೋರಿಸುವುದೇ, ಮಾರಿ ಹೊಳ್ಳಿಸುವುದೇ, ಈ ಮೈದಾನದ ಅಷ್ಟೂ ಜನ ಚಪ್ಪಾಳೆ ಹೊಡೆಯಲಿ, ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಒಬ್ಬ ಮನುಷ್ಯ ಮೆಲ್ಲಗೆ ಕೂತುಬಿಡುತ್ತಾನೆ, ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾನೆ, ಕೊಟ್ಟಿಗೆ ಕೊಡುತ್ತಾನೆ, ಮಾತಿಗೆ ತಪ್ಪುವವನಲ್ಲ, ಕೊಟ್ಟು ಆ ಕಡೆ ಹಾಯುವುದಿಲ್ಲ, ಅದು ಬೇಡ, ಅದನ್ನು ನೋಡಲಾರೆ, ಫರ್ಹಾನಾ, ನಿಂಗ ಕೈ ಮುಗೀತೀನಿ, ಹೊಳ್ಳಸು ಎಂದ ಜಾವೀದ, ಇಲ್ರಿ ಎಂದಳು, ಒಂದೇ ಮಾತು, ಅವಳಿಗೇ ಅಚ್ಚರಿಯಾಗುವಷ್ಟು ಸಮಾಧಾನದಿಂದ, ಹೆಬ್ಬೆರಳನ್ನು ಹಿಂದಕ್ಕೆ ಎಳೆದಳು, ಇಸ್ತ್ರಿ ಹರಿದ ಮೂತಿಯನ್ನು ಗಾಣದ ಕಡೆಗೇ ಇಟ್ಟುಕೊಂಡು ಗೋಡೆಯತನಕ ಸರಿಯಿತು, ನಿಂತಿತು, ಒಂದು ಗಾಲಿ ನಡುಗುತ್ತಿದೆ, ಹೋಗು ಮುತ್ತ್ಯಾ ಎಂದು ಅವಳ ಬಾಯಿಗೆ ಬಂತು, ಇಸ್ತ್ರಿ ಎಂದು ಬರಲಿಲ್ಲ. ಹೋಯಿತು, ಚಕ್ರ ಅದನ್ನು ಎದುರಿನಿಂದಲೇ ಹಿಡಿಯಿತು, ತೋಳು ಕಿತ್ತು ಮೇಲೆ ಹಾರಿ ಚೌಕಟ್ಟಿಗೆ ಬಡಿಯಿತು, ಒಳಗಿನ ತಂತಿಗಳು ಹೊರಗೆ ಬಂದವು, ಎಡಗಾಲಿ ಹೋಯಿತು, ಬಲಗಾಲಿ ಒಂದಿಷ್ಟು ತಿರುಗಿ ನಿಂತಿತು, ಪಂಚರು ಎಣಿಸತೊಡಗಿದರು, ಅವಳು ಕೋಲನ್ನು ಒತ್ತಿದಳು, ಒತ್ತಿದಳು, ಏನೂ ಅಲ್ಲಾಡಲಿಲ್ಲ.

ಪ್ರಿಯಾಂಕಾಳ ಕೈ ಎತ್ತಿದರು, ಶಿಳ್ಳೆ, ಚಪ್ಪಾಳೆ, ಹುಡುಗಿ ಬಂದು, ಭಾಳ ಗಟ್ಟಿ ಐತ್ರಿ ಮೇಡಂ ನಿಮ್ಮದು ಎಂದು ಕೈಕುಲುಕಿದಳು, ಅವಳ ಅಂಗೈ ಬೆವರಿಗೆ ತಣ್ಣಗಿತ್ತು, ಪಾಪ, ಅವಳೂ ಹೆದರಿದ್ದಳು, ಯಾಕೆ ಹೆದರಿದ್ದಳು, ಜಾವೀದ ಒಳಗೆ ಹೋಗಿ ಇಸ್ತ್ರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಟೇಬಲ್ಲಿನ ಮೇಲೆ ಇಟ್ಟ, ಬ್ಯಾಟರಿಯ ತಂತಿ ಬಿಚ್ಚಿದ, ಸುಟ್ಟ ವಾಸನೆ, ಮೂತಿ ಎಂಬುದು ಉಳಿದಿಲ್ಲ, ಹಳೆಯ ಡಬ್ಬಿಯನ್ನು ನಾಯಿ ಕಚ್ಚಾಡಿದ ಹಾಗೆ, ಅವನು ಆಮೇಲೆ ಮೆಲ್ಲಗೆ, ಚಹಾ ತರ್ತೀನಿ ಎಂದು ಹೋದ, ಅದು ಅವನ ಸಿಟ್ಟು, ಅಷ್ಟೇ, ಸೋತೆವು, ಸರಿ, ನಾಳೆ ರವಿವಾರ, ಶಿರಹಟ್ಟಿಗೆ ಹೋಗಿ ಸಾಮಾನು ಕಟ್ಟಬೇಕು, ಕೊರೆಯುವ ಮಷೀನನ್ನು ಯಾರಿಗಾದರೂ ಕೊಟ್ಟುಬಿಡಬೇಕು, ಬೆಸುಗೆಯದನ್ನು ಶಾಲೆಗೆ, ಗೂಟ ಹುಗಿಯುವುದಕ್ಕೆ ಅಬ್ಬಾ ನೆಲ ನೋಡಿಟ್ಟಿದ್ದಾರೆ, ದುಃಖವೇನೋ ಆಗುತ್ತಿದೆ, ಆದರೆ ಅದರ ಅಡಿಗೆ ಇನ್ನೊಂದಿದೆ, ತಂಪಾದದ್ದು, ಬೆನ್ನು ತೋರಿಸಲಿಲ್ಲ, ಅಬ್ಬಾನ ಎದುರಿಗೆ ಬೆನ್ನು ತೋರಿಸಲಿಲ್ಲ, ಅಷ್ಟಾದ್ದರಿಂದ ಈ ದುಃಖವನ್ನು ನುಂಗಬಹುದು, ಹಗ್ಗ ದಾಟಿ ಅಬ್ಬಾ ಬರುತ್ತಿದ್ದಾರೆ, ಮೊಣಕಾಲು ಹಿಡಿದುಕೊಂಡು, ರುಮಾಲು ಹೆಗಲ ಮೇಲೆ, ಅವಳು ಮೊದಲು ತಾನೇ ಹೇಳಿಬಿಟ್ಟಳು, ಟಗರ ತರಸ್ರಿ ಅಬ್ಬಾ, ಕೊಟ್ಟಿಗಿ ನಾಳೆ ಖಾಲಿ ಮಾಡ್ತೀವಿ, ನಗುತ್ತಲೇ ಹೇಳಿದಳು, ಅಬ್ಬಾ ನಗಲಿಲ್ಲ, ಹೂಂ, ಆಡಿದ್ದ ಮಾತು, ಖಾಲಿ ಮಾಡೂನು ಎಂದರು, ಅವರ ಕಣ್ಣು ಅವಳ ಮೇಲಿಲ್ಲ, ಇಸ್ತ್ರಿಯ ಮೇಲೆ, ಹರಿದ ಮೂತಿಯನ್ನು ಒಮ್ಮೆ ನೋಡಿದರು, ಟೇಬಲ್ಲು ಸುತ್ತಿ ಹಿಂದುಗಡೆ ಹೋದರು, ರುಮಾಲಿನ ತುದಿಯಿಂದ ಧೂಳು ಒರೆಸಿದರು.

ಕೆಂಪು ಪ್ಲೇಟು. ಬ್ರಷ್ಷಿನ ಗೆರೆಗಳು ಹಚ್ಚಿದ ದಿನ ಹೇಗಿದ್ದವೋ ಹಾಗೇ ಇವೆ, ಇದನ್ಯಾಕ ಕೊಡಲಿಲ್ಲವಾ ಅಕಿಗೆ ಎಂದು ಕೇಳಿದರು ಅಬ್ಬಾ, ದನಿ ಬಹಳ ಸಣ್ಣದಾಗಿತ್ತು, ನಾನೇ ಇಕ್ಕಳ ಹಿಡದಿದ್ನೆಲ್ಲ, ಎಷ್ಟ ದಪ್ಪ ಐತಿ ಅಂತ ನಂಗೊತ್ತಿತ್ತು, ಈಗ ಹೊಳ್ಳಸ್ತಾಳ, ಈಗ ಹೊಳ್ಳಸ್ತಾಳ ಅಂತ ನಿಂತಽ ನೋಡಿದೆ, ಕುಂಡ್ರ ಅಂದ್ರೂ ಕುಂಡ್ರಲಿಲ್ಲ, ನೀವು ನೋಡಾಕತ್ತಿದ್ರೆಲ್ಲ ಅಬ್ಬಾ ಎಂದಳು ಫರ್ಹಾನಾ, ನಿಮ್ಮ ಮುಂದ ಹೆಂಗ ಹೊಳ್ಳಸ್ಲಿ, ಮಾರಿ ಹೊಳ್ಳಿಸಿದ್ರ ಸೋತಂಗ ಅಂತ ನೀವೇ ಹೇಳಿದ್ರೆಲ್ಲ, ಮುಂಡರಗ್ಯಾಗ, ಅಬ್ಬಾ ಅವಳನ್ನು ನೋಡುತ್ತಿದ್ದರು, ಬಯ್ಯುವವರಂತೆ ಅಲ್ಲ, ಹೆಗಲ ಮೇಲಿದ್ದವಳನ್ನು ಇಳಿಸುವಾಗ ಕಾಲು ನೆಲಕ್ಕೆ ಹತ್ತಿತೇ ಎಂದು ನೋಡುತ್ತಾರಲ್ಲ, ಹಾಗೆ, ಟಗರಿಗೆ ಮಾರಿ ಇರತೈತಿ ಬೇಟಾ ಎಂದರು, ಇದಕ್ಕ ಎಲ್ಲೈತಿ ಮಾರಿ, ನೀ ಗೆಲ್ಲೂದು ನೋಡಾಕಂತ ಬಂದಿದ್ದೆ ನಾ — ಶಾಮಿಯಾನದಲ್ಲಿ ಯಾರದೋ ಹೆಸರು ಕೂಗುತ್ತಿದ್ದಾರೆ, ಜಾವೀದ ಚಹಾದ ಲೋಟ ಹಿಡಿದು ಬಂದು ನಿಂತಿದ್ದಾನೆ, ತಗೋ ಎನ್ನುತ್ತಿದ್ದಾನೆ, ತೆಗೆದುಕೊಳ್ಳಬೇಕು, ಎಡಕ್ಕೆ ಇಷ್ಟು, ಇಷ್ಟೇ ಇಷ್ಟು ಹೆಬ್ಬೆರಳು, ಕೆಂಪು ಪ್ಲೇಟು, ಲೋಟ ಕೈ ಸುಡುತ್ತಿದೆ, ಯಾವಾಗ ತೆಗೆದುಕೊಂಡಳೋ, ಕೆಂಪು ಪ್ಲೇಟು, ಒಂದು ಗೀರೂ ಇಲ್ಲ, ಅದರ ಮೇಲೆ ಅಬ್ಬಾನ ಅಂಗೈ, ಒಂದು ಗೀರೂ ಇಲ್ಲ